ಹುಡುಕುವುದು ಸುಲಭವಾದ ಮೇಲೆ

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಇಬ್ಬರು ಆಡಿದ ಮಾತು ಇದು. ದೊಡ್ಡಮ್ಮ ಆರೋಗ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು, ಅರಸೀಕೆರೆ ಸೀಮೆಯ ಕ್ಷಯ ರೋಗಿಗಳ ಮನೆಗೆ ಮಾತ್ರೆ ತಲುಪಿಸಿದವರು. ಮಗಳು ಅವರ ತಂಗಿಯ ಮಗಳು, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರಸಾಯನ ವಿಜ್ಞಾನಿ.

ದೊಡ್ಡಮ್ಮ: ನೂರು ಕೋಟಿ ಬಗೆಯ ಔಷಧಿಯನ್ನು ಒಂದೇ ನಳಿಕೆಯಲ್ಲಿ ಬೆರೆಸಿ ಇಟ್ಟುಕೊಳ್ಳುತ್ತೀರಂತೆ. ನಿಮ್ಮಮ್ಮ ಹೇಳಿದಾಗಿನಿಂದ ಕೇಳಬೇಕು ಅಂದುಕೊಂಡಿದ್ದೆ. ಹಾಗೆ ಬೆರೆಸಿದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ನಮ್ಮ ಆಸ್ಪತ್ರೆ ಸ್ಟೋರಿನಲ್ಲಿ ಚೀಟಿ ಕಿತ್ತುಹೋದ ಡಬ್ಬಿಯಿಂದ ಒಂದು ಮಾತ್ರೆಯನ್ನೂ ಯಾರಿಗೂ ಕೊಡುತ್ತಿರಲಿಲ್ಲ.

ಮಗಳು: ಔಷಧಿ ಅನ್ನಬೇಡಿ ದೊಡ್ಡಮ್ಮ, ಅಣುಗಳು ಅನ್ನಿ. ಆ ನೂರು ಕೋಟಿಯಲ್ಲಿ ಔಷಧಿಯಾಗುವ ಯೋಗ್ಯತೆ ಒಂದೆರಡಕ್ಕೆ ಇರಬಹುದು, ಒಂದಕ್ಕೂ ಇಲ್ಲದಿರಬಹುದು. ಲೆಕ್ಕ ಮಾತ್ರ ನಿಜ. ಒಂದೊಂದರ ಹತ್ತು ಲಕ್ಷ ಪ್ರತಿ ಇದ್ದರೂ ಎಲ್ಲ ಸೇರಿ ಒಂದು ಮಿಲಿಗ್ರಾಂ ತೂಗುವುದಿಲ್ಲ. ನೋಡಿದರೆ ಬರೀ ತಿಳಿನೀರು. ನೀವು ಚೀಟಿ ಅಂದಿರಲ್ಲ, ನಮ್ಮ ಕೆಲಸದ ಜೀವಾಳವೇ ಅದು. ಪ್ರತಿ ಅಣುವಿಗೂ ಒಂದು ಡಿಎನ್‌ಎ ತುಂಡು ಅಂಟಿಕೊಂಡಿರುತ್ತದೆ. ಅದನ್ನು ಓದಿದರೆ ಅಣು ಯಾವುದೆಂದು ಗೊತ್ತಾಗುತ್ತದೆ. ಟ್ಯಾಗ್ ಅನ್ನುತ್ತೇವೆ.

ದೊಡ್ಡಮ್ಮ: ಅದಕ್ಕೆ ಮೊದಲು ಇದನ್ನು ಹೇಳು. ಇದೆಲ್ಲ ಇಲ್ಲದ ಕಾಲದಲ್ಲಿ ಹೇಗೆ ಹುಡುಕುತ್ತಿದ್ದರು? ನನ್ನ ಕಣ್ಣೆದುರಿಗೆ ಎಷ್ಟೋ ಜನ ನುಂಗಿದ ಐಸೋನಿಯಾಜಿಡ್ ಯಾರಿಗೆ, ಹೇಗೆ ಸಿಕ್ಕಿತು?

ಮಗಳು: ಅದರ ಕಥೆ ಕೇಳಿದರೆ ಸಂಕಟವಾಗುತ್ತದೆ. ಆ ಅಣುವನ್ನು ಮೊದಲು ತಯಾರಿಸಿದ್ದು 1912ರಲ್ಲಿ, ಪ್ರಾಗ್ ನಗರದಲ್ಲಿ. ಕ್ಷಯಕ್ಕೆ ಅದು ಮದ್ದು ಎಂದು ಜಗತ್ತು ತಿಳಿದದ್ದು 1952ರಲ್ಲಿ. ನಡುವಿನ ನಲವತ್ತು ವರ್ಷ ಮದ್ದು ಇತ್ತು, ಮದ್ದೆಂಬ ತಿಳಿವಳಿಕೆ ಇರಲಿಲ್ಲ. ಆಮೇಲೂ ಬ್ಯಾಕ್ಟೀರಿಯಾದ ಒಳಗೆ ಹೋಗಿ ಅದು ಹಿಡಿಯುವುದು ಯಾವುದನ್ನು ಎಂಬುದು ಸ್ಪಷ್ಟವಾಗಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1992ರಲ್ಲಿ ಕ್ಯಾಟ್‌ಜಿ ಎಂಬ ಪ್ರೋಟೀನಿನ ಪಾತ್ರ ಗೊತ್ತಾಯಿತು, 1994ರಲ್ಲಿ ಇನ್‌ಎಚ್‌ಎ ಎಂಬುದರ ಪಾತ್ರ.

ದೊಡ್ಡಮ್ಮ: ಎರಡು ಯಾಕೆ?

ಮಗಳು: ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂಥ ದಪ್ಪ ಗೋಡೆ ಇದೆ. ಆ ಮೇಣ ಮೈಕೋಲಿಕ್ ಆಮ್ಲ. ಅದನ್ನು ಕಟ್ಟುವ ಕೆಲಸಗಾರರಲ್ಲಿ ಇನ್‌ಎಚ್‌ಎ ಒಂದು. ಅದನ್ನು ತಡೆದರೆ ಗೋಡೆ ಏಳುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಐಸೋನಿಯಾಜಿಡ್ ತಾನೇ ಹೋಗಿ ಇನ್‌ಎಚ್‌ಎಯನ್ನು ಹಿಡಿಯಲಾರದು. ಬ್ಯಾಕ್ಟೀರಿಯಾದ ಇನ್ನೊಂದು ಪ್ರೋಟೀನ್ ಕ್ಯಾಟ್‌ಜಿ ಅದನ್ನು ಮಾರ್ಪಡಿಸಿದ ಮೇಲೆಯೇ ಅದಕ್ಕೆ ಶಕ್ತಿ ಬರುವುದು. ಕ್ಯಾಟ್‌ಜಿ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಐಸೋನಿಯಾಜಿಡ್ ನಾಟುವುದಿಲ್ಲ. ಈ ಮಾತ್ರೆಗೆ ಬಗ್ಗದ ಕ್ಷಯದಲ್ಲಿ ಹೆಚ್ಚಿನ ಪಾಲು ಹೀಗೆ ಆದದ್ದು.

ದೊಡ್ಡಮ್ಮ: ಅಂಥವರನ್ನು ನಾನು ನೋಡಿದ್ದೇನೆ. ನಮ್ಮದು ರೈಲ್ವೆ ಜಂಕ್ಷನ್ನು. ಕೂಲಿ ಹುಡುಕಿಕೊಂಡು ಬೆಂಗಳೂರಿಗೋ ಹುಬ್ಬಳ್ಳಿಗೋ ರೈಲು ಹತ್ತುತ್ತಿದ್ದರು, ಮಾತ್ರೆ ನಡುವೆ ನಿಲ್ಲುತ್ತಿತ್ತು. ಮರಳಿ ಬಂದಾಗ ಕಫ ಪರೀಕ್ಷೆ ಮಾಡಿದರೆ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕಾಯಿಲೆ. ಆರು ತಿಂಗಳ ಚಿಕಿತ್ಸೆ ಎರಡು ವರ್ಷದ್ದಾಗುತ್ತಿತ್ತು. ಅದರಲ್ಲಿ ದಿನಾ ಸೂಜಿ. ಕೆಲವರಿಗೆ ಕಿವಿಯೇ ಹೋಯಿತು. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಹೊಸ ವಿದ್ಯೆ ಇಂಥವರ ಕಡೆಗೆ ಏನಾದರೂ ನೋಡಿದೆಯೇ?

ಮಗಳು: ನೋಡಿದೆ. ಟ್ಯಾಗ್ ಹಾಕಿ ಬೆರೆಸಿಟ್ಟ ಅಣುಗಳ ಆ ಸಂಗ್ರಹಕ್ಕೆ ಲೈಬ್ರರಿ ಅನ್ನುತ್ತೇವೆ. ಮೊದಲು ಅದನ್ನು ಕಟ್ಟುವ ಬಗೆ ಹೇಳಿಬಿಡುತ್ತೇನೆ, ಆಗ ಉಳಿದದ್ದು ತಿಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ದೊಡ್ಡ ಕಂಪನಿಗಳು ಹತ್ತಿಪ್ಪತ್ತು ಲಕ್ಷ ಅಣುಗಳನ್ನು ಬೇರೆ ಬೇರೆ ಶೀಷೆಗಳಲ್ಲಿ ಇಟ್ಟು, ರೋಬಾಟ್ ಕೈಯಲ್ಲಿ ಒಂದೊಂದನ್ನೇ ಪರೀಕ್ಷಿಸುತ್ತವೆ. ಅದಕ್ಕೆ ಕಟ್ಟಡ, ಯಂತ್ರ, ಹಣ ಎಲ್ಲ ಬೇಕು. 1992ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಸಿಡ್ನಿ ಬ್ರೆನ್ನರ್ ಮತ್ತು ರಿಚರ್ಡ್ ಲರ್ನರ್ ಒಂದು ಲೇಖನ ಬರೆದರು. ಅಣುವನ್ನು ಕಟ್ಟುತ್ತ ಕಟ್ಟುತ್ತ ಅದರ ವಿವರವನ್ನು ಡಿಎನ್‌ಎಯಲ್ಲಿ ಬರೆದು ಅದಕ್ಕೇ ಅಂಟಿಸಿದರೆ, ಎಲ್ಲವನ್ನೂ ಒಟ್ಟಿಗೆ ಬೆರೆಸಿ ಪರೀಕ್ಷಿಸಬಹುದು ಎಂಬುದು ಅದರ ತಿರುಳು. ಬ್ರೆನ್ನರ್ ಜೀವಕೋಶಗಳ ಸಂಕೇತ ಭಾಷೆಯನ್ನು ಬಿಡಿಸಿದವರಲ್ಲಿ ಒಬ್ಬರು. 2002ರಲ್ಲಿ ನೊಬೆಲ್ ಪಡೆದದ್ದು ಬೇರೆ ಕೆಲಸಕ್ಕೆ, ಒಂದು ಪುಟ್ಟ ಹುಳುವಿನ ಬೆಳವಣಿಗೆಯ ಅಧ್ಯಯನಕ್ಕೆ. ಡಿಎನ್‌ಎಯನ್ನು ಬರವಣಿಗೆಯಾಗಿ ಕಾಣುವುದು ಅಂಥವರಿಗೆ ಸಹಜವಾಗಿತ್ತು.

ದೊಡ್ಡಮ್ಮ: ನೂರು ಕೋಟಿ ಅಣು ಕಟ್ಟಲು ನೂರು ಕೋಟಿ ಸಲ ಕೆಲಸ ಮಾಡಬೇಡವೇ?

ಮಗಳು: ಮೂರು ಸಾವಿರ ಸಲ ಸಾಕು. ಚಿಕ್ಕ ಡಿಎನ್‌ಎ ತುಂಡುಗಳಿಂದ ಶುರು ಮಾಡುತ್ತೇವೆ. ಅವನ್ನು ತಟ್ಟೆಗಳಲ್ಲಿರುವ ಸಾವಿರ ಪುಟ್ಟ ಗುಳಿಗಳಿಗೆ ಹಂಚುತ್ತೇವೆ. ಒಂದೊಂದು ಗುಳಿಯಲ್ಲಿ ಒಂದೊಂದು ಬೇರೆ ರಾಸಾಯನಿಕ ತುಣುಕನ್ನು ಡಿಎನ್‌ಎಯ ಒಂದು ತುದಿಗೆ ಕೂಡಿಸುತ್ತೇವೆ. ಆ ತುಣುಕು ಯಾವುದೆಂದು ಹೇಳುವ ಕೆಲವು ಅಕ್ಷರಗಳನ್ನು ಇನ್ನೊಂದು ತುದಿಗೆ ಕಿಣ್ವದಿಂದ ಬೆಸೆಯುತ್ತೇವೆ. ಡಿಎನ್‌ಎಗೆ ನಾಲ್ಕೇ ಅಕ್ಷರ. ಆದರೂ ಆರು ಅಕ್ಷರ ಜೋಡಿಸಿದರೆ 4,096 ಬೇರೆ ಬೇರೆ ಪದ ಆಗುತ್ತವೆ, ಸಾವಿರ ತುಣುಕಿಗೆ ಧಾರಾಳ. ಆಮೇಲೆ ಸಾವಿರ ಗುಳಿಯನ್ನೂ ಒಂದೇ ಪಾತ್ರೆಗೆ ಸುರಿದು ಬೆರೆಸಿ, ಮತ್ತೆ ಸಾವಿರಕ್ಕೆ ಹಂಚಿ ಎರಡನೆಯ ತುಣುಕು, ಎರಡನೆಯ ಪದ. ಇನ್ನೊಮ್ಮೆ ಬೆರೆಸಿ, ಹಂಚಿ, ಮೂರನೆಯದು. ಸಾವಿರದ ಸಾವಿರ ಹತ್ತು ಲಕ್ಷ, ಅದರ ಸಾವಿರ ನೂರು ಕೋಟಿ. ಹೀಗೆ ಹಂಚಿ ಬೆರೆಸುವ ಉಪಾಯ ಹಂಗೇರಿಯ ಆರ್ಪಾದ್ ಫುರ್ಕಾ ಅವರದು. 1982ರಲ್ಲೇ ಅವರು ಅದನ್ನು ಬರೆದು ನೋಟರಿಯ ಮುದ್ರೆ ಹಾಕಿಸಿ ಇಟ್ಟಿದ್ದರು.

ದೊಡ್ಡಮ್ಮ: ಬೇಲೂರಿನಲ್ಲಿ ಮದನಿಕೆಯರ ಪೀಠ ನೋಡಿದ್ದೀಯಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಎಂದು ಕೆತ್ತಿದವರ ಹೆಸರು ಅಲ್ಲೇ ಇದೆ. ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಒಂಬೈನೂರು ವರ್ಷದ ಮೇಲೂ ಯಾವ ಮೂರ್ತಿ ಯಾರದೆಂದು ಹೇಳಬಹುದು, ಮೂರ್ತಿಯ ಮೈಗೇ ಹೆಸರು ಅಂಟಿರುವುದರಿಂದ. ನಿನ್ನ ಟ್ಯಾಗ್ ಅಂಥದ್ದೇ ಅಲ್ಲವೇ?

ಮಗಳು: ಮೈಗೇ ಅಂಟಿದೆ ಅನ್ನುವಷ್ಟು ಮಟ್ಟಿಗೆ ಅಂಥದ್ದೇ. ಆದರೆ ದಾಸೋಜನ ಹೆಸರಿರುವ ಕಲ್ಲಿನ ಮೇಲೆ ಮುಗಿದ ಮೂರ್ತಿ ನಿಂತಿದೆ, ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಹೆಸರು ಬರೆಯುವುದು ಹೆಜ್ಜೆ ಹೆಜ್ಜೆಗೂ, ಆ ಹೆಜ್ಜೆ ಕೂಡಿತೋ ಇಲ್ಲವೋ ಪ್ರತಿ ಅಣುವಿನಲ್ಲಿ ನೋಡದೆ. ಒಂದು ಗುಳಿಯಲ್ಲಿ ನೂರಕ್ಕೆ ಎಪ್ಪತ್ತು ಅಣುಗಳಿಗೆ ಮಾತ್ರ ತುಣುಕು ಅಂಟಿದರೂ ಟ್ಯಾಗ್ ಎಲ್ಲದಕ್ಕೂ ಬೀಳುತ್ತದೆ. ಹಾಗಾಗಿ ಟ್ಯಾಗ್ ಹೇಳುವುದು ನಾವು ಏನನ್ನು ಕಟ್ಟಲು ಹೊರಟೆವು ಎಂಬುದನ್ನು. ಕಟ್ಟಿದ್ದು ಅದೇ ಹೌದೇ ಎಂಬುದನ್ನು ಆಮೇಲೆ ಬೇರೆಯಾಗಿ ರುಜುವಾತು ಮಾಡಬೇಕು. ಇದನ್ನು ಮರೆತವರು ಈ ಕೆಲಸದಲ್ಲಿ ಮೋಸ ಹೋಗುತ್ತಾರೆ.

ದೊಡ್ಡಮ್ಮ: ಸರಿ, ಕಟ್ಟಿದಿರಿ. ಹುಡುಕುವುದು?

ಮಗಳು: ನಮಗೆ ಬೇಕಾದ ಪ್ರೋಟೀನನ್ನು ಶುದ್ಧವಾಗಿ ತಯಾರಿಸಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಕಾಂತದ ಮಣಿಗಳ ಮೇಲೆ ಕೂರಿಸುತ್ತೇವೆ. ಅದರ ಮೇಲೆ ಲೈಬ್ರರಿಯ ಒಂದು ಹನಿ. ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತೇವೆ. ಪ್ರೋಟೀನಿಗೆ ಅಂಟದ ಅಣುಗಳು ನೀರಿನ ಜೊತೆ ಹೋಗುತ್ತವೆ. ಅಂಟಿದವನ್ನು ಬಿಸಿ ಮಾಡಿ ಬಿಡಿಸಿ, ಹೊಸ ಪ್ರೋಟೀನಿನ ಮೇಲೆ ಮತ್ತೆ ಹಾಕುತ್ತೇವೆ. ಎರಡು ಮೂರು ಸಲ ಹೀಗಾದ ಮೇಲೆ ಉಳಿಯುವುದು ಎಷ್ಟು ಕಡಿಮೆ ಎಂದರೆ ಯಾವ ರಾಸಾಯನಿಕ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ. ಆದರೆ ಡಿಎನ್‌ಎಯನ್ನು ಪಿಸಿಆರ್‌ನಿಂದ ಬೇಕಾದಷ್ಟು ಹೆಚ್ಚಿಸಿಕೊಳ್ಳಬಹುದು.

ದೊಡ್ಡಮ್ಮ: ಪಿಸಿಆರ್ ನನಗೆ ಗೊತ್ತು. ಕಫದಲ್ಲಿ ಕ್ಷಯ ಇದೆಯೇ ಎಂದು ಟ್ರೂನ್ಯಾಟ್ ಯಂತ್ರ ನೋಡುವುದು ಹಾಗೆಯೇ ಅಲ್ಲವೇ?

ಮಗಳು: ಅದೇ ತತ್ತ್ವ. ಆ ಟ್ರೂನ್ಯಾಟ್ ರೂಪುಗೊಂಡದ್ದರಲ್ಲಿ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ ಕೆಲಸ ಇದೆ, ಗೋವಾದ ಮೋಲ್ಬಿಯೋ ಜೊತೆ. ನಮ್ಮಲ್ಲಿ ಹಾಗೆ ಹೆಚ್ಚಿಸಿದ ಡಿಎನ್‌ಎಯನ್ನು ಓದುವ ಯಂತ್ರಕ್ಕೆ ಕೊಡುತ್ತೇವೆ. ಯಾವ ಟ್ಯಾಗ್ ಎಷ್ಟು ಸಲ ಬಂತೆಂದು ಅದು ಲಕ್ಷಗಟ್ಟಲೆ ಎಣಿಸಿ ಕೊಡುತ್ತದೆ. ಪ್ರೋಟೀನ್ ಇಲ್ಲದ ಬರೀ ಮಣಿಗಳ ಮೇಲೂ ಇದೇ ಪರೀಕ್ಷೆ ಮಾಡಿ ಎರಡನ್ನೂ ಹೋಲಿಸುತ್ತೇವೆ, ಮಣಿಗೆ ಅಂಟಿದ್ದನ್ನು ಪ್ರೋಟೀನಿಗೆ ಅಂಟಿತೆಂದು ತಿಳಿಯದಿರಲು. 1992ರ ವಿಚಾರ ಬಹುಕಾಲ ನಿಧಾನವಾಗಿ ಸಾಗಿದ್ದಕ್ಕೆ ಈ ಓದುವ ಯಂತ್ರ ದುಬಾರಿಯಾಗಿದ್ದದ್ದು ಒಂದು ಕಾರಣ. ಅದು ಅಗ್ಗವಾದಂತೆ ವಿಚಾರ ಬಲ ಪಡೆಯಿತು. 2009ರಲ್ಲಿ ಜಿಎಸ್‌ಕೆ ಕಂಪನಿಯವರು 80 ಕೋಟಿ ಅಣುಗಳ ಲೈಬ್ರರಿ ಕಟ್ಟಿ ಪ್ರಕಟಿಸಿದರು.

ದೊಡ್ಡಮ್ಮ: ಈಗ ಕ್ಷಯದ ಮಾತು ಹೇಳು.

ಮಗಳು: ಅದೇ ಕಂಪನಿಯವರು ಇನ್‌ಎಚ್‌ಎ ಪ್ರೋಟೀನನ್ನು ಮಣಿಗೆ ಕೂರಿಸಿ ಇಂಥ ಲೈಬ್ರರಿಯಲ್ಲಿ ಹುಡುಕಿದರು. ಕ್ಯಾಟ್‌ಜಿಯ ಹಂಗಿಲ್ಲದೆ ನೇರವಾಗಿ ಇನ್‌ಎಚ್‌ಎಯನ್ನೇ ಹಿಡಿಯುವ ಅಣುಗಳ ಒಂದು ಹೊಸ ಕುಟುಂಬ ಸಿಕ್ಕಿತು. ಅವು ಕ್ಷಯದ ಬ್ಯಾಕ್ಟೀರಿಯಾವನ್ನು ಕೊಂದವು. 2014ರಲ್ಲಿ ಅದು ಪ್ರಕಟವಾಯಿತು. ಯೋಚಿಸಿ ದೊಡ್ಡಮ್ಮ, ಐಸೋನಿಯಾಜಿಡ್ ಎಂಬತ್ತು ವರ್ಷ ಸುತ್ತಿ ಬಂದ ದಾರಿಯನ್ನು ಇದು ಆ ತುದಿಯಿಂದ ಶುರು ಮಾಡಿತು. ಮೊದಲು ಪ್ರೋಟೀನ್ ಯಾವುದೆಂದು ನಿಶ್ಚಯ, ಆಮೇಲೆ ಅಣು.

ದೊಡ್ಡಮ್ಮ: ಆ ಮಾತ್ರೆ ನಮ್ಮ ಸ್ಟೋರಿಗೆ ಬಂತೇ?

ಮಗಳು: ಇಲ್ಲ.

ದೊಡ್ಡಮ್ಮ: ಯಾಕೆ?

ಮಗಳು: ಅಂಟುವುದು ಬೇರೆ, ವಾಸಿ ಮಾಡುವುದು ಬೇರೆ. ಸಿಕ್ಕ ಅಣುವನ್ನು ಟ್ಯಾಗ್ ಇಲ್ಲದೆ ಹೊಸದಾಗಿ ತಯಾರಿಸಬೇಕು. ಆಗಲೂ ಅಂಟುತ್ತದೆಯೇ ನೋಡಬೇಕು. ಅಂಟಿದರೆ ಪ್ರೋಟೀನಿನ ಕೆಲಸ ನಿಲ್ಲುತ್ತದೆಯೇ, ಆ ಮೇಣದ ಗೋಡೆ ದಾಟಿ ಒಳಗೆ ಹೋಗುತ್ತದೆಯೇ, ಇಲಿಯ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಯಕೃತ್ತಿಗೆ ಕೇಡೇ, ಎಲ್ಲ ದಾಟಬೇಕು. ಕೊನೆಗೆ ಮನುಷ್ಯ. ಇದೇ ಪದ್ಧತಿಯಲ್ಲಿ ಸಿಕ್ಕ ಇನ್ನೊಂದು ಅಣು ಉರಿಯೂತಕ್ಕೆ ಸಂಬಂಧಿಸಿದ ರಿಪ್‌ಕೆ1 ಎಂಬ ಪ್ರೋಟೀನನ್ನು ಬಹಳ ಚೆನ್ನಾಗಿ ಹಿಡಿಯುತ್ತಿತ್ತು. ರೋಗಿಗಳ ಮೇಲಿನ ಪ್ರಯೋಗದವರೆಗೂ ಹೋಯಿತು. ಸಂಧಿವಾತದವರಲ್ಲೂ ದೊಡ್ಡ ಕರುಳಿನ ಹುಣ್ಣಿನವರಲ್ಲೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಅಣು ತನ್ನ ಕೆಲಸ ಮಾಡಿತ್ತು. ಆ ಪ್ರೋಟೀನನ್ನು ತಡೆದರೆ ಆ ಕಾಯಿಲೆ ಇಳಿಯುತ್ತದೆ ಎಂಬ ನಮ್ಮ ಎಣಿಕೆ ಫಲಿಸಲಿಲ್ಲ.

ದೊಡ್ಡಮ್ಮ: ಹಾಗಾದರೆ ಪ್ರೋಟೀನನ್ನು ಆರಿಸುವುದರಲ್ಲೇ ಅರ್ಧ ಸೋಲು ಗೆಲುವು ಇದೆ.

ಮಗಳು: ಅರ್ಧಕ್ಕಿಂತ ಹೆಚ್ಚು. ಅದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಮಲೇರಿಯಾದ ಪರೋಪಜೀವಿಯಲ್ಲೂ ಇನ್‌ಎಚ್‌ಎಯ ದಾಯಾದಿಯಂಥ ಒಂದು ಕಿಣ್ವ ಇದೆ. ಸಾಬೂನು, ಟೂತ್‌ಪೇಸ್ಟಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಅದನ್ನು ತಡೆಯುತ್ತದೆ ಎಂದು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ, ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರಲ್ಲಿ ತೋರಿಸಿದರು. ದೊಡ್ಡ ಸುದ್ದಿಯಾಯಿತು, ಜಗತ್ತಿನ ಹಲವು ಪ್ರಯೋಗಾಲಯಗಳು ಅದರ ಬೆನ್ನು ಹತ್ತಿದವು. ರಕ್ತದಲ್ಲಿ ಬೆಳೆಯುವ ಹಂತದಲ್ಲಿ ಪರೋಪಜೀವಿ ಆ ಕಿಣ್ವವಿಲ್ಲದೆಯೂ ಬದುಕಬಲ್ಲದು, ಅದರ ಅಗತ್ಯ ಬೀಳುವುದು ಯಕೃತ್ತಿನ ಹಂತದಲ್ಲಿ ಎಂದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಅವರ ಕೆಲಸ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಅಷ್ಟು ಆಳವಾಗಿ ಯಾರೂ ಕೇಳುತ್ತಿರಲಿಲ್ಲ. ಯಾವ ಪ್ರೋಟೀನ್, ರೋಗದ ಯಾವ ಹಂತದಲ್ಲಿ ಎಂಬುದನ್ನು ಟ್ಯಾಗ್ ಹೇಳಲಾರದು.

ದೊಡ್ಡಮ್ಮ: ಪ್ರೋಟೀನಿನ ಗೊಡವೆಯೇ ಬೇಡ, ಜೀವಂತ ಬ್ಯಾಕ್ಟೀರಿಯಾದ ಮೇಲೆಯೇ ಅಣು ಹಾಕಿ ನೋಡಿದರೆ ಆಗದೇ?

ಮಗಳು: ಆಗುತ್ತದೆ. ಈಗ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಸಿಕ್ಕಿದ್ದು ಹಾಗೆಯೇ. ಮೊದಲು ಅದು ಕೊಲ್ಲುತ್ತದೆಂದು ಗೊತ್ತಾಯಿತು, ಆಮೇಲೆ ಯಾವ ಪ್ರೋಟೀನನ್ನು ಹಿಡಿದು ಕೊಲ್ಲುತ್ತದೆಂದು. ಇನ್ನೊಂದು ದಾರಿಯೂ ಇದೆ. ನಮ್ಮ ಹೆಬ್ಬಾಳದಲ್ಲಿ ಆಸ್ಟ್ರಾಜೆನೆಕಾದ ಸಂಶೋಧನಾ ಕೇಂದ್ರ ಇತ್ತು, ಕ್ಷಯದ ಮೇಲೆ ಕೆಲಸ ಮಾಡುತ್ತಿತ್ತು. ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಡಿಪಿಆರ್‌ಇ1 ಎಂಬ ಪ್ರೋಟೀನನ್ನು ತಡೆಯುವ ಅಣುವೊಂದು ಅಲ್ಲಿಯ ವಿಜ್ಞಾನಿಗಳ ಕೈಯಲ್ಲಿ ರೂಪುಗೊಂಡಿತು. ಇದ್ದ ಅಣುವಿನ ಚೌಕಟ್ಟನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಅದನ್ನು ಮುಟ್ಟಿದರು. ಕೇಂದ್ರ 2014ರಲ್ಲಿ ಮುಚ್ಚಿತು, ಅಣು ಉಳಿಯಿತು. ಟಿಬಿಎ-7371 ಎಂಬ ಹೆಸರಿನಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹೋಯಿತು. ಒಂದೇ ದಾರಿ ಎಂದಿಲ್ಲ ದೊಡ್ಡಮ್ಮ. ಟ್ಯಾಗ್ ಹಾಕಿದ ಲೈಬ್ರರಿಯ ಹಿರಿಮೆ ಇರುವುದು, ಮೊದಲ ಹೆಜ್ಜೆಗೆ ಬೇಕಾದ ಕಾಲ ಮತ್ತು ಹಣವನ್ನು ಅದು ಬಹಳ ಕಡಿಮೆ ಮಾಡಿದ್ದರಲ್ಲಿ. ರೋಬಾಟುಗಳ ಕಟ್ಟಡ ಬೇಕಿಲ್ಲ. ಕಟ್ಟಿದ ಲೈಬ್ರರಿಯ ಒಂದು ಹನಿ, ಒಂದು ಮೇಜು, ಒಳ್ಳೆಯ ಪ್ರೋಟೀನ್, ಓದುವ ಯಂತ್ರಕ್ಕೆ ಕಳಿಸುವ ಖರ್ಚು ಇದ್ದರೆ ವಿಶ್ವವಿದ್ಯಾಲಯದ ಚಿಕ್ಕ ಪ್ರಯೋಗಾಲಯವೂ ಹುಡುಕಬಹುದು.

ದೊಡ್ಡಮ್ಮ: ಈಗ ನನಗೆ ಹೇಳಬೇಕೆನ್ನಿಸುವುದನ್ನು ಕೇಳು. ರಿಫಾಂಪಿಸಿನ್ ಬಂದದ್ದು 1960ರ ದಶಕದಲ್ಲಿ. ಅದಾದ ಮೇಲೆ ಹೊಸ ಬಗೆಯ ಮಾತ್ರೆ ಬೆಡಾಕ್ವಿಲಿನ್, ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2012ರ ಕೊನೆಯಲ್ಲಿ. ನಡುವೆ ನಲವತ್ತು ವರ್ಷಕ್ಕೂ ಹೆಚ್ಚು. ಹುಡುಕುವುದು ಕಷ್ಟ ಎನ್ನುವುದು ಒಂದು ಕಾರಣ ಇರಬಹುದು. ಕೊಳ್ಳುವವರು ಬಡವರು ಎನ್ನುವುದು ಇನ್ನೊಂದು. ನಾನು ಮಾತ್ರೆ ಕೊಟ್ಟವರಲ್ಲಿ ತೋಟದಲ್ಲಿ ಕಾಯಿ ಕೀಳುವವರು, ಕಲ್ಲು ಕ್ವಾರಿಯ ದೂಳು ಕುಡಿದವರು, ಮನೆಗೆಲಸದ ಹೆಂಗಸರು ಇದ್ದರು. ಈಗ ಹುಡುಕುವುದು ಅಗ್ಗವಾಯಿತು ಎನ್ನುತ್ತೀ. ಹಾಗಾದರೆ ಮೊದಲನೆಯ ಕಾರಣವನ್ನು ಇನ್ನು ಮೇಲೆ ಯಾರೂ ಹೇಳುವ ಹಾಗಿಲ್ಲ.

ಮಗಳು: ನಿಜ. ಈ ಲೈಬ್ರರಿಗಳನ್ನು ಹೆಚ್ಚಾಗಿ ಬಳಸುವುದು ಕ್ಯಾನ್ಸರು, ಉರಿಯೂತ ಇಂಥವಕ್ಕೆ. ಅವೂ ಜೀವ ತೆಗೆಯುವ ಕಾಯಿಲೆಗಳೇ, ಅದು ತಪ್ಪಲ್ಲ. ಆದರೆ ಯಾವ ಪ್ರೋಟೀನನ್ನು ಮಣಿಗೆ ಕೂರಿಸುತ್ತೇವೋ ಆ ಕಾಯಿಲೆಗೆ ಮಾತ್ರ ಅಣು ಸಿಗುತ್ತದೆ. ಕೂರಿಸದ ಪ್ರೋಟೀನಿಗೆ ನೂರು ಕೋಟಿಯಲ್ಲಿ ಒಳ್ಳೆಯ ಅಣು ಇದ್ದರೂ ನೀರಿನ ಜೊತೆ ತೊಳೆದುಹೋಗುತ್ತದೆ.

ದೊಡ್ಡಮ್ಮ: ನಮ್ಮದೇ ನಾಡಿನ ಕಾಯಿಲೆ ಒಂದಿದೆ. ದಾಸೋಜನ ಬಳ್ಳಿಗಾವಿ ಶಿಕಾರಿಪುರ ತಾಲ್ಲೂಕು. ಅದರ ಪಕ್ಕದ್ದು ಸೊರಬ. ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ಮಂಗನ ಕಾಯಿಲೆ ಎಂದು ನಾವು ಅನ್ನುವುದಕ್ಕೆ ಜಗತ್ತಿನ ಪುಸ್ತಕಗಳಲ್ಲಿ ಆ ಕಾಡಿನದೇ ಹೆಸರು. ಬೇಸಗೆ ಬಂತೆಂದರೆ ಮಲೆನಾಡಿನಲ್ಲಿ ಸೊಪ್ಪು ಸೌದೆಗೆ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಈಗಲೂ ಬರುತ್ತದೆ. ಅದಕ್ಕೆಂದೇ ಮಾತ್ರೆ ಇಲ್ಲ. ಜ್ವರಕ್ಕೆ, ನೀರಿನಂಶಕ್ಕೆ, ರಕ್ತಸ್ರಾವಕ್ಕೆ ಆರೈಕೆ, ಅಷ್ಟೆ. ಆ ವೈರಸ್ಸಿನ ಪ್ರೋಟೀನನ್ನು ನಿಮ್ಮ ಮಣಿಗೆ ಕೂರಿಸಲು ಆಗದೇ?

ಮಗಳು: ಆಗುತ್ತದೆ. ಅದು ಡೆಂಗಿಯ ಕುಟುಂಬದ ವೈರಸ್. ಬೆಳೆಯಲು ಅದಕ್ಕೆ ಎರಡು ಮುಖ್ಯ ಪ್ರೋಟೀನ್ ಬೇಕು. ಎನ್‌ಎಸ್5 ಎಂಬುದು ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡುತ್ತದೆ. ಅದು ಸ್ವಭಾವದಲ್ಲೇ ಅಂಥ ಎಳೆಗಳನ್ನು ಹಿಡಿಯುವುದರಿಂದ ಅಣುವನ್ನು ಬಿಟ್ಟು ನಮ್ಮ ಡಿಎನ್‌ಎ ಟ್ಯಾಗನ್ನೇ ಹಿಡಿಯುವ ಅಪಾಯ ಇದೆ. ಎನ್‌ಎಸ್3ರ ಒಂದು ಭಾಗ ಪ್ರೋಟೀನ್ ಕತ್ತರಿಸುವ ಕಿಣ್ವ. ಶುರು ಮಾಡುವುದಾದರೆ ಅಲ್ಲಿಂದ. ಸುಲಭವಲ್ಲ, ಅದರಲ್ಲಿ ಅಣು ಕೂರುವ ಜಾಗಕ್ಕೆ ಆಳ ಕಡಿಮೆ, ಡೆಂಗಿಯಲ್ಲಿ ಅದೇ ಬಹಳ ಜನರನ್ನು ಕಾಡಿದೆ. ಆದರೆ ಜೀವಂತ ವೈರಸ್ ಮುಟ್ಟದೆಯೇ ಮೊದಲ ಹುಡುಕಾಟ ಮಾಡಬಹುದು. ವೈರಸ್ಸಿನ ವಂಶವಾಹಿಯ ಬರಹ ಗೊತ್ತಿದ್ದರೆ ಆ ಪ್ರೋಟೀನನ್ನು ನಿರಪಾಯದ ಬ್ಯಾಕ್ಟೀರಿಯಾದಲ್ಲಿ ಬೆಳೆಸಿಕೊಳ್ಳಬಹುದು. ಏನಾದರೂ ಸಿಕ್ಕ ಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು. 1957ರಲ್ಲಿ ಈ ವೈರಸ್ಸನ್ನು ಗುರುತಿಸಿದ್ದೂ ಆ ಸಂಸ್ಥೆಯ ಹಿಂದಿನವರೇ.

ದೊಡ್ಡಮ್ಮ: ಹಾಗಾದರೆ ಯಾವ ಪ್ರೋಟೀನ್ ತೆಗೆದುಕೊಳ್ಳೋಣ ಎಂದು ನಿಮ್ಮಲ್ಲಿ ಕೂತು ಮಾತಾಡುವಾಗ ಇದರ ಹೆಸರು ಎತ್ತು. ಬೇಡ ಅಂದರೆ ಯಾಕೆ ಬೇಡ ಎಂದು ಕಾರಣ ಕೇಳು. ರಸಾಯನ ವಿಜ್ಞಾನದ ಕಾರಣವಾದರೆ ಒಪ್ಪಿಕೋ. ಬರೀ ರೋಗಿಗಳು ಕಡಿಮೆ, ಬಡವರು ಎನ್ನುವುದಾದರೆ ಒಪ್ಪಬೇಡ.

ಮಗಳು: ಎತ್ತುತ್ತೇನೆ. ಬರೀ ಹೆಸರು ಎತ್ತಿದರೆ ಸಾಲದು ದೊಡ್ಡಮ್ಮ. ಪ್ರೋಟೀನ್ ಬೆಳೆಸಲು ಎಷ್ಟು ಖರ್ಚು, ಯಾರ ಲೈಬ್ರರಿ ಕೇಳಬೇಕು, ಸಿಕ್ಕ ಅಣುವನ್ನು ಯಾರು ಮರಳಿ ತಯಾರಿಸುತ್ತಾರೆ, ವೈರಸ್ ಪರೀಕ್ಷೆಗೆ ಯಾರ ಒಪ್ಪಿಗೆ ಬೇಕು, ಇಷ್ಟನ್ನೂ ಬರೆದುಕೊಂಡೇ ಹೋಗುತ್ತೇನೆ. ಕಾಗದದಲ್ಲಿ ಲೆಕ್ಕ ಇದ್ದರೆ ಅದನ್ನು ಕನಸು ಎಂದು ತಳ್ಳಿಹಾಕುವುದು ಕಷ್ಟ.